ತಲೆಗೆ ಪೆಟ್ಟು, ಮೂರ್ಛೆಯ ಗುಟ್ಟು



ಮೂರ್ಛೆ ರೋಗದ ಹೆಸರು ಕೇಳದವರು ಯಾರಿದ್ದಾರೆ? ಮಾತಿನಲ್ಲಿ ನಾವು ಫಿಟ್ಸ್ ಅಂತೀವಿ. ಪುಸ್ತಕದಲ್ಲಿ ಅಪಸ್ಮಾರ ಎಂದು ಬರೆಯುತ್ತಾರೆ. ಎಲ್ಲಾ ಒಂದೇ. ನಮ್ಮ ದೇಶದಲ್ಲಿ ಸಾವಿರ ಜನರಲ್ಲಿ ಸುಮಾರು 5 ಜನರಿಗೆ ಈ ಕಾಯಿಲೆ ಇದೆ. ಅಂದರೆ ಒಂದು ದೊಡ್ಡ ಊರಿನಲ್ಲಿ ನಾಲ್ಕಾರು ಮನೆಗಾದರೂ ಇದರ ಕಷ್ಟ ಗೊತ್ತು.

ಮೂರ್ಛೆ ಬರಲು ಕಾರಣ ಹಲವು. ಕೆಲವರಿಗೆ ಹುಟ್ಟುವಾಗಲೇ ಮೆದುಳಿಗೆ ಗಾಳಿ ಸಾಲದೆ ಬರುತ್ತದೆ. ಕೆಲವರಿಗೆ ಮೆದುಳು ಜ್ವರದಿಂದ ಬರುತ್ತದೆ. ಕಾರಣವೇ ಗೊತ್ತಾಗದೆ ಬರುವುದೂ ಉಂಟು. ಈ ಪಾಠದಲ್ಲಿ ನಾವು ಒಂದೇ ಒಂದು ಕಾರಣ ತಿಳಿಯೋಣ. ಅದು ತಲೆಗೆ ಬಿದ್ದ ಪೆಟ್ಟು.

ಇದನ್ನೇ ಯಾಕೆ ಆರಿಸಿದೆ ಗೊತ್ತಾ? ಪೆಟ್ಟು ಬೀಳುವುದು ಒಂದು ದಿನ. ಮೂರ್ಛೆ ಬರುವುದು ಇನ್ನೊಂದು ದಿನ. ನಡುವೆ ತಿಂಗಳು, ವರ್ಷ ಕಳೆದಿರುತ್ತದೆ. ಆದ್ದರಿಂದ ಎರಡಕ್ಕೂ ಇರುವ ನಂಟು ಯಾರಿಗೂ ಹೊಳೆಯುವುದಿಲ್ಲ.

ಹೀಗೆ ಅಂದುಕೊಳ್ಳಿ. ತೆಂಗಿನ ಮರದಿಂದ ಒಬ್ಬ ಬಿದ್ದ. ಎರಡು ದಿನ ಮೈಮೇಲೆ ಪ್ರಜ್ಞೆ ಇರಲಿಲ್ಲ. ಆಸ್ಪತ್ರೆಯಲ್ಲಿ ಉಳಿಸಿದರು. ಹೊಲಿಗೆ ಬಿಚ್ಚಿದರು. ಮನೆಗೆ ಬಂದ. ದೇವರಿಗೆ ಹರಕೆ ತೀರಿಸಿದ್ದೂ ಆಯಿತು. ಒಂದು ವರ್ಷ ಚೆನ್ನಾಗಿಯೇ ಇದ್ದ. ಆಮೇಲೆ ಒಂದು ದಿನ ಗದ್ದೆ ಬದುವಿನ ಮೇಲೆ ಬಿದ್ದ. ಕೈಕಾಲು ಸೆಟೆದವು. ಬಾಯಲ್ಲಿ ನೊರೆ ಬಂತು. ಆಗ ಜನ ಏನಂತಾರೆ? "ಗಾಳಿ ಸೋಕಿದೆ" ಅಂತಾರೆ. "ಯಾರೋ ಮಾಟ ಮಾಡಿಸವ್ರೆ" ಅಂತಾರೆ. "ಸೊಸೆ ಕಾಲ್ಗುಣ" ಅನ್ನುವವರೂ ಇದ್ದಾರೆ. ಮರದಿಂದ ಬಿದ್ದದ್ದನ್ನು ಮಾತ್ರ ಒಬ್ಬರೂ ನೆನೆಯುವುದಿಲ್ಲ.

ಮೆದುಳಿನ ಒಳಗೆ ಏನಾಗುತ್ತದೆ?

ನಮ್ಮ ಮೆದುಳು ಸುಮಾರು ಒಂದೂ ಕಾಲು, ಒಂದೂವರೆ ಕಿಲೋ ತೂಗುತ್ತದೆ. ಬೆಣ್ಣೆಯಂತೆ ಮೆತ್ತಗೆ ಇರುತ್ತದೆ. ಅದಕ್ಕೇ ಅದನ್ನು ಗಟ್ಟಿ ಬುರುಡೆಯ ಒಳಗೆ, ನೀರಿನಂಥ ದ್ರವದಲ್ಲಿ ಇಟ್ಟಿದೆ. ಜೋರಾಗಿ ಪೆಟ್ಟು ಬಿದ್ದಾಗ ಮೆದುಳು ಬುರುಡೆಯ ಒಳಗೋಡೆಗೆ ಬಡಿಯುತ್ತದೆ. ಜಜ್ಜುತ್ತದೆ. ಕೆಲವು ಸಲ ರಕ್ತ ಒಸರುತ್ತದೆ. ಹೊರಗೆ ಚರ್ಮ ಹರಿಯದೆ ಇದ್ದರೂ ಒಳಗೆ ಹೀಗೆ ಆಗಿರಬಹುದು.

ಮೆದುಳಿನಲ್ಲಿ ಕೋಟಿ ಕೋಟಿ ಜೀವಕೋಶಗಳಿವೆ. ಅವು ಒಂದಕ್ಕೊಂದು ಮಾತಾಡುತ್ತವೆ. ಆ ಮಾತು ನಡೆಯುವುದು ಬಹಳ ಸಣ್ಣ ವಿದ್ಯುತ್ತಿನಿಂದ. ನಾನು ಶಾಲೆಯವಳು. ಅದಕ್ಕೆ ಶಾಲೆಯ ಹೋಲಿಕೆಯನ್ನೇ ಕೊಡುತ್ತೇನೆ. ತರಗತಿಯಲ್ಲಿ ಮಕ್ಕಳು ಒಬ್ಬರಾದ ಮೇಲೆ ಒಬ್ಬರು ಮಾತಾಡಿದರೆ ಪಾಠ ನಡೆಯುತ್ತದೆ. ಒಂದು ಮೂಲೆಯ ನಾಲ್ಕು ಮಕ್ಕಳು ಕಿರುಚಲು ಶುರು ಮಾಡಿದರೆ ಏನಾಗುತ್ತದೆ? ಪಕ್ಕದವರೂ ಕಿರುಚುತ್ತಾರೆ. ಒಂದು ಗಳಿಗೆಯಲ್ಲಿ ತರಗತಿಯೆಲ್ಲ ಗದ್ದಲ. ಮೂರ್ಛೆ ಅಂದರೆ ಅದೇ. ಮೆದುಳಿನ ಒಂದು ಜಾಗದಲ್ಲಿ ಜೀವಕೋಶಗಳು ಒಟ್ಟಿಗೆ ಕೂಗುತ್ತವೆ. ಆ ಗದ್ದಲ ಎಲ್ಲ ಕಡೆ ಹರಡಿದರೆ ಮನುಷ್ಯ ಬೀಳುತ್ತಾನೆ.

ತಲೆಗೆ ಪೆಟ್ಟು ಬಿದ್ದವರಲ್ಲಿ ಈ ಗದ್ದಲ ಎಲ್ಲಿಂದ ಶುರುವಾಗುತ್ತದೆ? ಗಾಯ ಮಾಗಿದ ಕಲೆಯ ಸುತ್ತಮುತ್ತಲಿಂದ. ಕೈ ಸುಟ್ಟರೆ ಗಾಯ ಮಾಗಿದ ಮೇಲೂ ಕಲೆ ಉಳಿಯುತ್ತದಲ್ಲ, ಹಾಗೇ ಮೆದುಳಿನಲ್ಲೂ ಕಲೆ ಉಳಿಯುತ್ತದೆ. ಅದರ ಅಂಚಿನ ಜೀವಕೋಶಗಳ ನಂಟು ಹರಿದಿರುತ್ತದೆ. ಅವು ಹೊಸ ನಂಟು ಬೆಳೆಸಿಕೊಳ್ಳುತ್ತವೆ. ಆ ಹೊಸ ನಂಟು ಒಮ್ಮೊಮ್ಮೆ ತಪ್ಪು ದಾರಿ ಹಿಡಿಯುತ್ತದೆ. ಹೀಗೆ ಬೆಳೆಯಲು ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಿಡಿಯುತ್ತದೆ. ಮೂರ್ಛೆ ತಡವಾಗಿ ಬರುವುದು ಇದಕ್ಕೇ.

ಹನ್ನೊಂದು ವರ್ಷ ಕಾದ ಮೂರ್ಛೆ

ಇದಕ್ಕೆ ಒಂದು ನಿಜವಾದ ಕತೆ ಇದೆ. ನಡೆದದ್ದು ಅಮೆರಿಕದಲ್ಲಿ, 1848ರಲ್ಲಿ. ಅಲ್ಲಿ ರೈಲು ದಾರಿ ಮಾಡಲು ಬಂಡೆ ಸಿಡಿಸುತ್ತಿದ್ದರು. ಫಿನಿಯಸ್ ಗೇಜ್ ಎಂಬ 25 ವರ್ಷದ ಯುವಕ ಕೂಲಿಯವರ ಮೇಸ್ತ್ರಿ. ಬಂಡೆಯ ತೂತಿಗೆ ಮದ್ದು ತುಂಬಿ ಕಬ್ಬಿಣದ ಸರಳಿನಿಂದ ಜಡಿಯುತ್ತಿದ್ದ. ಕಿಡಿ ಹಾರಿ ಮದ್ದು ಸಿಡಿಯಿತು. ಮೂರೂವರೆ ಅಡಿಗೂ ಉದ್ದದ, 6 ಕಿಲೋ ತೂಕದ ಆ ಸರಳು ಎಡಗೆನ್ನೆಯಿಂದ ಹೊಕ್ಕು ನೆತ್ತಿಯಿಂದ ಆಚೆ ಹೋಯಿತು!

ಅವನು ಸಾಯಲಿಲ್ಲ. ಎತ್ತಿನ ಗಾಡಿಯಲ್ಲಿ ಕೂತು ಊರಿಗೆ ಬಂದ. ಡಾಕ್ಟರರ ಜೊತೆ ಮಾತಾಡಿದ. ಎಡಗಣ್ಣು ಹೋಯಿತು. ಸ್ವಭಾವವೂ ಬದಲಾಯಿತು, ಮೊದಲಿನ ಗೇಜ್ ಇವನಲ್ಲ ಎಂದು ಗೆಳೆಯರು ಹೇಳಿದರು. ಆದರೂ ದುಡಿದು ತಿಂದ. ದೂರದ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಬಂಡಿ ಹೊಡೆದ. 1859ರಲ್ಲಿ ಮೈ ಸರಿಯಿಲ್ಲ ಎಂದು ತಾಯಿ ಇದ್ದ ಊರಿಗೆ ಬಂದ. ತಾಯಿ ಆರೈಕೆ ಮಾಡಿದಳು. ಸ್ವಲ್ಪ ಸುಧಾರಿಸಿ ಮತ್ತೆ ಹೊಲದ ಕೆಲಸಕ್ಕೆ ಹೋದ.

1860ರಲ್ಲಿ ಒಂದು ದಿನ ಊಟಕ್ಕೆ ಕೂತಿದ್ದವನು ಮೂರ್ಛೆ ಬಂದು ಬಿದ್ದ. ಪೆಟ್ಟು ಬಿದ್ದು ಆಗಲೇ 11 ವರ್ಷ ದಾಟಿತ್ತು! ಮತ್ತೆ ಮತ್ತೆ ಬಂತು. ಕೊನೆಗೆ ಒಂದರ ಹಿಂದೆ ಒಂದು ಬಿಡದೆ ಬಂತು. ಡಾಕ್ಟರು ಬಂದು ಆ ಕಾಲದ ರೂಢಿಯಂತೆ ಮೈಯಿಂದ ರಕ್ತ ತೆಗೆದರು. ಅದರಿಂದ ಏನಾದೀತು? ಅದೇ ವರ್ಷ ಮೇ ತಿಂಗಳಲ್ಲಿ ಗೇಜ್ ತೀರಿಕೊಂಡ. ಅವನ ತಲೆಬುರುಡೆ, ಆ ಸರಳು ಎರಡನ್ನೂ ಇವತ್ತಿಗೂ ಅಮೆರಿಕದ ಒಂದು ವೈದ್ಯ ಶಾಲೆಯಲ್ಲಿ ಇಟ್ಟಿದ್ದಾರೆ.

ಗೇಜನ ತಾಯಿಯ ಕಾಲದಲ್ಲಿ ಒಳ್ಳೆಯ ಔಷಧ ಇರಲಿಲ್ಲ. ಈಗ ಇದೆ. ಗೇಜನಿಗೂ ನಮಗೂ ಇರುವ ವ್ಯತ್ಯಾಸ ಅಷ್ಟೇ, ಆದರೆ ಅದು ಸಣ್ಣದಲ್ಲ.

ಪೆಟ್ಟು ಬಿದ್ದವರಿಗೆಲ್ಲ ಬರುತ್ತದೆಯೇ?

ಇಲ್ಲ. ಹೆದರಬೇಡಿ. ಮಗು ಮಂಚದಿಂದ ಬಿತ್ತು, ಬುಗುಟು ಬಂತು, ಅತ್ತು ಸುಮ್ಮನಾಯಿತು. ಇಂಥದ್ದಕ್ಕೆಲ್ಲ ಮೂರ್ಛೆ ಬರುವುದಿಲ್ಲ.

ಅಮೆರಿಕದ ಮಿನ್ನೆಸೋಟ ಎಂಬಲ್ಲಿ ತಲೆಗೆ ಪೆಟ್ಟು ಬಿದ್ದ ನಾಲ್ಕೂವರೆ ಸಾವಿರ ಜನರ ಲೆಕ್ಕ ಇಟ್ಟರು. ಅದು 1998ರಲ್ಲಿ ಅಚ್ಚಾಯಿತು. ಅರ್ಧ ಗಂಟೆಗಿಂತ ಕಡಿಮೆ ಪ್ರಜ್ಞೆ ತಪ್ಪಿದವರಲ್ಲಿ ಐದು ವರ್ಷದ ಒಳಗೆ ಮೂರ್ಛೆ ರೋಗ ಬಂದದ್ದು ಸಾವಿರಕ್ಕೆ 7 ಜನರಿಗೆ. ಬುರುಡೆ ಬಿರುಕು ಬಿಟ್ಟವರಲ್ಲಿ, ಅರ್ಧ ಗಂಟೆ ಮೀರಿ ಪ್ರಜ್ಞೆ ತಪ್ಪಿದವರಲ್ಲಿ ಸಾವಿರಕ್ಕೆ 12. ಮೆದುಳು ಜಜ್ಜಿದವರಲ್ಲಿ, ರಕ್ತ ಹೆಪ್ಪುಗಟ್ಟಿದವರಲ್ಲಿ, ಒಂದು ದಿನ ಮೀರಿ ಎಚ್ಚರ ಇಲ್ಲದವರಲ್ಲಿ ಮಾತ್ರ ನೂರಕ್ಕೆ 10. ಮೂವತ್ತು ವರ್ಷದ ಲೆಕ್ಕ ಹಿಡಿದರೆ ಇವರಲ್ಲೇ ನೂರಕ್ಕೆ 17ರ ಹತ್ತಿರ. ಅಂದರೆ ಜೋರು ಪೆಟ್ಟಿಗೆ ಜೋರು ಅಪಾಯ. ಬರುವ ಬಹುಪಾಲು ಜನರಿಗೆ ಮೊದಲ ಎರಡು ವರ್ಷದಲ್ಲೇ ಬರುತ್ತದೆ.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಪೆಟ್ಟು ಬಿದ್ದ ಒಂದು ವಾರದ ಒಳಗೆ ಒಂದು ಸಲ ಫಿಟ್ಸ್ ಬಂದರೆ ಅದನ್ನು ಮೂರ್ಛೆ ರೋಗ ಎನ್ನುವುದಿಲ್ಲ. ಅದು ಹಸಿ ಗಾಯದ ಕಾಟ. ಅದನ್ನು ತಡೆಯಲು ಆಸ್ಪತ್ರೆಯಲ್ಲಿ ಒಂದು ವಾರ ಔಷಧ ಕೊಡುವುದುಂಟು. ಆ ಔಷಧ ಮುಂದಿನ ವರ್ಷಗಳ ಮೂರ್ಛೆಯನ್ನು ತಡೆಯುವುದಿಲ್ಲ. ಅದಕ್ಕೇ ಫಿಟ್ಸ್ ಬಾರದವರಿಗೆ ಡಾಕ್ಟರು ವಾರದ ಮೇಲೆ ಮಾತ್ರೆ ನಿಲ್ಲಿಸಿದರೆ, "ಮಾತ್ರೆ ನಿಲ್ಲಿಸಿಬಿಟ್ಟರಲ್ಲ" ಎಂದು ಬೇಸರ ಪಡಬೇಡಿ. ವಾರ ಕಳೆದ ಮೇಲೆ ಬರುವ ಫಿಟ್ಸ್ ಬೇರೆ ಮಾತು. ಅದು ಒಂದೇ ಸಲ ಬಂದಿದ್ದರೂ ಡಾಕ್ಟರ ಹತ್ತಿರ ಹೋಗಲೇಬೇಕು.

ಪೆಟ್ಟು ಬಿದ್ದ ದಿನ

ತಲೆಗೆ ಪೆಟ್ಟು ಬಿದ್ದವರನ್ನು ಒಂದು ದಿನವಾದರೂ ಕಣ್ಣಿಟ್ಟು ನೋಡಿ. ಮತ್ತೆ ಮತ್ತೆ ವಾಂತಿ ಆಗುತ್ತದೆಯೇ? ತಲೆನೋವು ಏರುತ್ತಲೇ ಇದೆಯೇ? ಎಬ್ಬಿಸಿದರೂ ಏಳದ ಮಂಪರು ಇದೆಯೇ? ಮಾತು ತೊದಲುತ್ತದೆಯೇ? ಒಂದು ಕೈ, ಒಂದು ಕಾಲು ಸೋತಿದೆಯೇ? ಮೂಗಿನಿಂದ, ಕಿವಿಯಿಂದ ನೀರಿನಂತೆ ಸೋರುತ್ತದೆಯೇ? ಫಿಟ್ಸ್ ಬಂತೇ? ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಬುರುಡೆಯ ಒಳಗೆ ರಕ್ತ ನಿಂತಿದ್ದರೆ ಅದನ್ನು ಬೇಗ ತೆಗೆಯಬೇಕು. ತಡವಾದಷ್ಟೂ ಮೆದುಳು ನಲುಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಹಗಲು ರಾತ್ರಿ ತಲೆಪೆಟ್ಟಿನವರನ್ನು ನೋಡುತ್ತಾರೆ. ಆದರೆ ದೂರದ ಊರಿನವರು ಮೊದಲು ಹತ್ತಿರದ ಜಿಲ್ಲಾ ಆಸ್ಪತ್ರೆಗೆ ಹೋಗಿ. ದಾರಿಯಲ್ಲಿ ಹೊತ್ತು ಕಳೆಯಬಾರದು.

ಹೆಲ್ಮೆಟ್ ವಿಷಯ ನಿಮಗೆ ಗೊತ್ತೇ ಇದೆ. ಹೆಲ್ಮೆಟ್ ಹಾಕಿದರೆ ಅಪಘಾತದಲ್ಲಿ ತಲೆಗೆ ಪೆಟ್ಟಾಗುವ ಅಪಾಯ ನೂರಕ್ಕೆ 69ರಷ್ಟು ಕಡಿಮೆ. ನಮ್ಮ ರಾಜ್ಯದಲ್ಲಿ 2016ರಿಂದ ಹಿಂದೆ ಕೂತವರೂ ಹಾಕಬೇಕು ಎಂದು ನಿಯಮ ಇದೆ. ಗಂಡ ಹಾಕಿಕೊಳ್ಳುತ್ತಾನೆ, ಹಿಂದೆ ಸೀರೆ ಉಟ್ಟು ಒಂದೇ ಪಕ್ಕಕ್ಕೆ ಕೂತ ಹೆಂಡತಿಯ ತಲೆ ಬರಿದು. ಯಾವ ನ್ಯಾಯ ಇದು? ಬೀಳುವಾಗ ಮೊದಲು ಬೀಳುವವಳು ಅವಳೇ. ಕೂರುವ ಮೊದಲು ಸೆರಗು ಸಿಕ್ಕಿಸಿ, ಚಕ್ರಕ್ಕೆ ಸಿಗದಂತೆ ನೋಡಿ. ಹೆಲ್ಮೆಟ್ಟಿನ ಪಟ್ಟಿ ಗದ್ದಕ್ಕೆ ಬಿಗಿಯಾಗಿರಲಿ.

ಇನ್ನೊಂದು ಪೆಟ್ಟಿನ ಮಾತು ಬಾಯಿ ಬಿಟ್ಟು ಆಡುವವರು ಕಡಿಮೆ. "ಬಾಗಿಲು ತಗುಲಿತು", "ಬಚ್ಚಲಲ್ಲಿ ಜಾರಿದೆ" ಎಂದು ಆಸ್ಪತ್ರೆಯಲ್ಲಿ ಹೇಳುವ ಹೆಂಗಸರು ಎಷ್ಟೋ ಜನ. ನಿಜವಾಗಿ ಗಂಡ ತಲೆಯನ್ನು ಗೋಡೆಗೆ ಬಡಿದಿರುತ್ತಾನೆ. ಒಂದು ಸಲ ಅಲ್ಲ, ಮತ್ತೆ ಮತ್ತೆ. ಹೊರಗೆ ಗಾಯವಿಲ್ಲ, ಒಳಗೆ ಮೆದುಳು ನೊಂದಿರುತ್ತದೆ. ಆಮೇಲೆ ಫಿಟ್ಸ್ ಬಂದರೆ ಅದೇ ಗಂಡ, "ರೋಗಿಷ್ಟೆಯನ್ನ ಕಟ್ಟಿದರು" ಎಂದು ತವರಿಗೆ ಅಟ್ಟುತ್ತಾನೆ. ನನಗೆ ಇದಕ್ಕಿಂತ ದೊಡ್ಡ ಅನ್ಯಾಯ ಕಾಣುವುದಿಲ್ಲ. ಡಾಕ್ಟರಿಗಾದರೂ ನಿಜ ಹೇಳಿ. ಎಷ್ಟು ಸಲ ಪೆಟ್ಟಾಯಿತು, ತಲೆಯ ಯಾವ ಕಡೆ, ಪ್ರಜ್ಞೆ ತಪ್ಪಿತ್ತೇ, ಎಲ್ಲವೂ ಅವರಿಗೆ ಬೇಕು. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸಿನ ರಕ್ಷಣೆಗೆ 2005ರ ಕಾನೂನು ಇದೆ. 181ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ದುಡ್ಡು ಬೇಕಿಲ್ಲ.

ಕಣ್ಣ ಮುಂದೆ ಮೂರ್ಛೆ ಬಂದರೆ

ಊರಲ್ಲಿ ಏನು ಮಾಡುತ್ತಾರೆ? ಬೀಗದ ಕೈ ತಂದು ಕೈಗೆ ಇಡುತ್ತಾರೆ. ಚಪ್ಪಲಿ ಮೂಸಿಸುತ್ತಾರೆ. ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ. ನಾಲ್ಕು ಜನ ಕೈಕಾಲು ಅದುಮಿ ಹಿಡಿಯುತ್ತಾರೆ. ಹಲ್ಲಿನ ನಡುವೆ ಚಮಚ ತುರುಕುತ್ತಾರೆ.

"ಆದರೆ ಮೇಡಂ, ಬೀಗದ ಕೈ ಕೊಟ್ಟ ಕೂಡಲೇ ನಿಲ್ಲುತ್ತಲ್ಲ!" ಅಂತ ನೀವು ಕೇಳಬಹುದು. ನಿಲ್ಲುತ್ತದೆ, ಸುಳ್ಳಲ್ಲ. ಯಾಕೆಂದರೆ ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಬೀಗದ ಕೈ ಹುಡುಕಿ ತರುವುದಕ್ಕೂ ಅಷ್ಟೇ ಹೊತ್ತು ಬೇಕು. ಕೊಡದೆ ಇದ್ದಿದ್ದರೂ ನಿಲ್ಲುತ್ತಿತ್ತು. ಹೆಸರು ಮಾತ್ರ ಬೀಗದ ಕೈಗೆ ಬಂತು.

ಮಾಡಬೇಕಾದ್ದು ಬಹಳ ಸುಲಭ. ಒಲೆ, ಕಲ್ಲು, ನೀರು, ಚೂಪು ಸಾಮಾನು ಹತ್ತಿರ ಇದ್ದರೆ ದೂರ ಸರಿಸಿ. ತಲೆಯ ಕೆಳಗೆ ಮಡಿಸಿದ ಸೀರೆಯೋ ಟವಲ್ಲೋ ಇಡಿ. ಕತ್ತಿನ ಗುಂಡಿ, ಸರ ಸಡಿಲ ಮಾಡಿ. ಆಮೇಲೆ ಮಗ್ಗುಲಿಗೆ ಹೊರಳಿಸಿ. ಎಂಜಲು, ನೊರೆ ಬಾಯಿಂದ ಆಚೆ ಹರಿಯುತ್ತದೆ, ಉಸಿರಿನ ದಾರಿಗೆ ಇಳಿಯುವುದಿಲ್ಲ. ಜನ ಮುತ್ತದ ಹಾಗೆ ನೋಡಿಕೊಳ್ಳಿ, ಗಾಳಿ ಆಡಲಿ. ಬಾಯೊಳಗೆ ಏನನ್ನೂ ಇಡಬೇಡಿ. ಹಲ್ಲು ಮುರಿದು ಗಂಟಲಿಗೆ ಹೋದೀತು. ನಾಲಿಗೆ ನುಂಗಿಕೊಳ್ಳುತ್ತಾರೆ ಎನ್ನುವುದು ಸುಳ್ಳು. ಕೈಕಾಲು ಅದುಮಿ ಹಿಡಿದರೆ ಫಿಟ್ಸ್ ನಿಲ್ಲುವುದಿಲ್ಲ, ಮೂಳೆಗೆ ಪೆಟ್ಟಾಗುತ್ತದೆ. ಪೂರ್ತಿ ಎಚ್ಚರ ಆಗುವವರೆಗೆ ನೀರು, ಕಾಫಿ ಬೇಡ.

ಇನ್ನೊಂದು ಕೆಲಸ: ಗಡಿಯಾರ ನೋಡಿ. 5 ನಿಮಿಷ ಆದರೂ ನಿಲ್ಲದಿದ್ದರೆ 108. ಒಂದು ನಿಂತು, ಎಚ್ಚರ ಆಗುವ ಮೊದಲೇ ಇನ್ನೊಂದು ಬಂದರೆ 108. ಗರ್ಭಿಣಿಗೆ ಬಂದರೆ, ಬಿದ್ದು ಮತ್ತೆ ತಲೆಗೆ ಪೆಟ್ಟಾದರೆ, ಜೀವನದಲ್ಲಿ ಮೊದಲ ಸಲ ಬಂದರೆ, ಆಗಲೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನೆನಪಿಡಿ, ಇದು ಅಂಟು ರೋಗವಲ್ಲ. ಎಂಜಲು ತಾಗಿದರೆ ಬರುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ. ನಿಶ್ಚಿಂತೆಯಿಂದ ಮುಟ್ಟಿ.

ಬೀಳದೆಯೂ ಬರುವ ಮೂರ್ಛೆ

ಎಲ್ಲ ಮೂರ್ಛೆಯಲ್ಲೂ ಬಿದ್ದು ಒದ್ದಾಡುವುದಿಲ್ಲ. ಗದ್ದಲ ಒಂದು ಮೂಲೆಯಲ್ಲೇ ನಿಂತರೆ ಬೇರೆ ರೀತಿ ಕಾಣುತ್ತದೆ. ಮಾತಾಡುತ್ತಿದ್ದವರು ಥಟ್ಟನೆ ನಿಲ್ಲಿಸಿ ಎತ್ತಲೋ ನೋಡುತ್ತಾರೆ. ತುಟಿ ಚಪ್ಪರಿಸುತ್ತಾರೆ. ಸೆರಗಿನ ಅಂಚನ್ನು ಸುಮ್ಮನೆ ಕೀಳುತ್ತಾ ಕೂರುತ್ತಾರೆ. ಕರೆದರೆ ಓಗೊಡುವುದಿಲ್ಲ. ಕೆಲವರಿಗೆ ಇಲ್ಲದ ವಾಸನೆ ಬರುತ್ತದೆ. ಕೆಲವರಿಗೆ ಕಾರಣವಿಲ್ಲದೆ ಹೊಟ್ಟೆಯಿಂದ ಭಯ ಎದ್ದು ಬರುತ್ತದೆ. ಒಂದೆರಡು ನಿಮಿಷದಲ್ಲಿ ಸರಿಹೋಗುತ್ತಾರೆ. ಏನಾಯಿತು ಎಂದರೆ ಗೊತ್ತಿರುವುದಿಲ್ಲ.

ಇದನ್ನು ಕಂಡವರು "ದೇವರು ಮೈಮೇಲೆ ಬರುತ್ತೆ" ಅಂತಾರೆ, ಇಲ್ಲವೇ "ದೆವ್ವ ಹಿಡಿದಿದೆ" ಅಂತಾರೆ. ದೆವ್ವ ಬಿಡಿಸಲು ಬೇವಿನ ಬರಲಿನಿಂದ ಹೊಡೆಯುತ್ತಾರೆ, ಮೆಣಸಿನಕಾಯಿ ಹೊಗೆ ಹಾಕುತ್ತಾರೆ. ಮಗುವಾದರೆ ಪಾಠದಲ್ಲಿ ಗಮನ ಇಲ್ಲ ಎಂದು ಶಾಲೆಯಲ್ಲಿ ಬೈಸಿಕೊಳ್ಳುತ್ತದೆ. ದೇವರಿಗೆ ಕೈ ಮುಗಿಯಬೇಡಿ ಎಂದು ನಾನು ಹೇಳುವುದಿಲ್ಲ. ಹರಕೆ ಹೊರಿ, ಜೊತೆಗೆ ಆಸ್ಪತ್ರೆಗೂ ಹೋಗಿ. ಹಿಂದೆ ಯಾವಾಗಲಾದರೂ ತಲೆಗೆ ಪೆಟ್ಟು ಬಿದ್ದಿತ್ತಾ ಎಂದು ಮನೆಯವರೆಲ್ಲ ಕೂತು ನೆನಪು ಮಾಡಿಕೊಳ್ಳಿ.

ನಮ್ಮ ಕಡೆ ಬಿಸಿ ಬಿಸಿ ನೀರನ್ನು ತಲೆಗೆ ಸುರಿದುಕೊಂಡಾಗ ಮೂರ್ಛೆ ಬರುವವರೂ ಇದ್ದಾರೆ. ಕರ್ನಾಟಕದಲ್ಲಿ ಇದು ಹೆಚ್ಚು ಕಂಡಿದೆ. ಅದು ಪೆಟ್ಟಿನಿಂದ ಬಂದದ್ದಲ್ಲ, ಬೇರೆಯೇ ಬಗೆ. ನೀರಿನ ಬಿಸಿ ಕಡಿಮೆ ಮಾಡಿದರೆ ಅವರಲ್ಲಿ ಎಷ್ಟೋ ಜನರಿಗೆ ಅನುಕೂಲ.

ಪರೀಕ್ಷೆ ಮತ್ತು ಮಾತ್ರೆ

ಆಸ್ಪತ್ರೆಯಲ್ಲಿ ತಲೆಗೆ ತಂತಿ ಅಂಟಿಸಿ ಇ.ಇ.ಜಿ. ಮಾಡುತ್ತಾರೆ. ಕರೆಂಟ್ ಕೊಡುತ್ತಾರೆ ಎಂದು ಹೆದರಿ ಓಡಿ ಬರುವವರಿದ್ದಾರೆ. ಕರೆಂಟ್ ಕೊಡುವುದಿಲ್ಲ. ಮೆದುಳಿನಲ್ಲಿ ಆಗಲೇ ಇರುವ ಸಣ್ಣ ವಿದ್ಯುತ್ತನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುತ್ತದೆ, ಅಷ್ಟೇ. ನೋವಿಲ್ಲ. ಸ್ಕ್ಯಾನ್ ಅಂದರೆ ಮೆದುಳಿನ ಫೋಟೋ. ಹಳೆಯ ಗಾಯದ ಕಲೆ ಅದರಲ್ಲಿ ಕಾಣಬಹುದು.

ಮಾತ್ರೆ ಸರಿಯಾಗಿ ತೆಗೆದುಕೊಂಡರೆ ಮೂರ್ಛೆ ಇರುವ ನೂರು ಜನರಲ್ಲಿ 70 ಜನರವರೆಗೆ ಮೂರ್ಛೆ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪೆಟ್ಟಿನಿಂದ ಬಂದದ್ದು ಕೆಲವರಲ್ಲಿ ಹಠಮಾರಿ. ಅವರಿಗೆ ಎರಡು ಬಗೆ ಮಾತ್ರೆ ಬೇಕಾಗಬಹುದು. ಮಾತ್ರೆಗೆ ಬಗ್ಗದ ಕೆಲವರಿಗೆ ಆಪರೇಷನ್ ಕೂಡ ಇದೆ. ಇದಕ್ಕೆಲ್ಲ ದೊಡ್ಡ ದುಡ್ಡೇ ಬೇಕು ಎಂದೇನೂ ಇಲ್ಲ. ನಮ್ಮ ಯಳಂದೂರಿನ ಹಳ್ಳಿಗಳಲ್ಲಿ ಡಾ. ಕೆ. ಎಸ್. ಮಣಿ ಮತ್ತು ಜೊತೆಯವರು ಮೂರ್ಛೆ ಇರುವವರನ್ನು ಹುಡುಕಿ ಚಿಕಿತ್ಸೆ ಮಾಡಿದರು. ಅಗ್ಗದ ಎರಡು ಹಳೆಯ ಮಾತ್ರೆಗಳಿಂದಲೇ ಹಳ್ಳಿಯಲ್ಲೇ ಮೂರ್ಛೆ ಹಿಡಿತಕ್ಕೆ ತರಬಹುದು ಎಂದು ತೋರಿಸಿದರು. ಅದರ ವರದಿ 2001ರಲ್ಲಿ ಹೊರದೇಶದ ವೈದ್ಯ ಪತ್ರಿಕೆಯಲ್ಲಿ ಬಂತು.

ಮಾತ್ರೆಯಲ್ಲಿ ಜನ ಎಡವುವುದು ಒಂದೇ ಕಡೆ. ಆರು ತಿಂಗಳು ಮೂರ್ಛೆ ಬಾರದಿದ್ದರೆ "ವಾಸಿಯಾಯ್ತು" ಎಂದು ಬಿಟ್ಟುಬಿಡುತ್ತಾರೆ. ಬೇಡವೇ ಬೇಡ! ಥಟ್ಟನೆ ನಿಲ್ಲಿಸಿದರೆ ಒಂದರ ಹಿಂದೆ ಒಂದು ಬಂದು ಜೀವಕ್ಕೇ ಕುತ್ತು ಬರಬಹುದು. ಕೆಲವು ವರ್ಷ ಒಂದೂ ಬಾರದಿದ್ದರೆ ಡಾಕ್ಟರೇ ಯೋಚಿಸಿ ನಿಧಾನವಾಗಿ ಇಳಿಸುತ್ತಾರೆ. ಸೋಮವಾರದ ಉಪವಾಸ, ಏಕಾದಶಿ ದಿನವೂ ಮಾತ್ರೆ ತಪ್ಪಬಾರದು. ಜಾತ್ರೆ, ಮದುವೆ ಅಂತ ರಾತ್ರಿಯೆಲ್ಲ ನಿದ್ದೆಗೆಟ್ಟರೆ ಮೂರ್ಛೆ ಬರುವ ಸಂಭವ ಹೆಚ್ಚು. ಗಂಡಸರು ಸಾರಾಯಿ ಬಿಡಲೇಬೇಕು.

ಹೆಂಗಸರಿಗೆ ಬೇರೆಯಾಗಿ ಹೇಳಬೇಕಾದ್ದು ಇದೆ. ವಾಲ್ಪ್ರೋಯೇಟ್ ಎಂಬ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಹುದು. ಮದುವೆ ವಯಸ್ಸಿನ ಹುಡುಗಿ, ಮಗು ಬೇಕು ಎನ್ನುವ ಹೆಂಗಸು ಇದನ್ನು ಮುಂಚೆಯೇ ಡಾಕ್ಟರ ಹತ್ತಿರ ಮಾತಾಡಬೇಕು. ಬೇರೆ ಮಾತ್ರೆಗಳಿವೆ. ಬಸಿರಾಗುವ ಮೊದಲೇ ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಬೇಕು. ಬಸಿರು ಎಂದು ಗೊತ್ತಾದ ಕೂಡಲೇ ಹೆದರಿ ಮೂರ್ಛೆ ಮಾತ್ರೆ ನಿಲ್ಲಿಸುವುದು ಬಹಳ ಅಪಾಯ. ಸಾಮಾನ್ಯವಾಗಿ ಮಗುವಿಗೆ ಎದೆಹಾಲು ಕೊಡಬಹುದು. ಇನ್ನೊಂದು, ಮೂರ್ಛೆಯ ಕೆಲವು ಮಾತ್ರೆಗಳು ಮಾಲಾ ಮಾತ್ರೆಯ ಬಲ ಕುಗ್ಗಿಸುತ್ತವೆ. ಮಾಲಾ ನುಂಗುತ್ತಿದ್ದರೂ ಬಸಿರು ನಿಲ್ಲಬಹುದು. ಅಂಥವರಿಗೆ ವಂಕಿ, ಅಂದರೆ ಕಾಪರ್-ಟಿ ಒಳ್ಳೆಯದು. ಆಶಾ ಕಾರ್ಯಕರ್ತೆಯನ್ನು ಕೇಳಿ.

ಮೂರ್ಛೆ ಪೂರ್ತಿ ಹಿಡಿತಕ್ಕೆ ಬರುವವರೆಗೆ ಒಬ್ಬರೇ ಬಾವಿಯಲ್ಲಿ ನೀರು ಸೇದಬೇಡಿ, ಕೆರೆಗೆ ಬಟ್ಟೆ ಒಗೆಯಲು ಹೋಗಬೇಡಿ. ನೆಲದ ಮೇಲಿನ ತೆರೆದ ಒಲೆಯ ಮುಂದೆ ಒಬ್ಬರೇ ಕೂರಬೇಡಿ. ಬಚ್ಚಲ ಬಾಗಿಲಿಗೆ ಒಳಚಿಲಕ ಹಾಕಬೇಡಿ. ಗಾಡಿ ಓಡಿಸುವುದು, ಮರ ಹತ್ತುವುದು ಬೇಡ. ಇಷ್ಟು ಬಿಟ್ಟರೆ ಉಳಿದ ಕೆಲಸ ಎಲ್ಲಾ ಮಾಡಬಹುದು.

ಮದುವೆಯ ಮಾತು

ಹಿಂದೂ ವಿವಾಹ ಕಾನೂನಿನಲ್ಲಿ 1976ರಿಂದ ಒಂದು ಮಾತು ಇತ್ತು. ಪದೇ ಪದೇ ಮೂರ್ಛೆ ಬರುವವರು ಮದುವೆಗೆ ತಕ್ಕವರಲ್ಲ ಎಂದು. 1999ರಲ್ಲಿ ಆ ಮಾತನ್ನು ಕಾನೂನಿನಿಂದ ತೆಗೆದುಹಾಕಿದರು. ಈಗ ಮೂರ್ಛೆ ಇದೆ ಎಂಬುದು ಮದುವೆಗೆ ಕಾನೂನಿನ ಅಡ್ಡಿಯಲ್ಲ. ಪಂಚಾಯಿತಿ ಕಟ್ಟೆಯ ಮೇಲೆ ಯಾರಾದರೂ ಹಳೆಯ ಮಾತು ಎತ್ತಿದರೆ ಈ ವರ್ಷವನ್ನು ಹೇಳಿ: 1999. ಕಾಯಿಲೆ ಮುಚ್ಚಿಟ್ಟು ಮದುವೆ ಮಾಡುವುದು ಮಾತ್ರ ಬೇಡ. ಮುಚ್ಚಿಟ್ಟರೆ ಹುಡುಗಿ ಗಂಡನ ಮನೆಯಲ್ಲಿ ಮಾತ್ರೆಯನ್ನೂ ಕದ್ದು ನುಂಗಬೇಕಾಗುತ್ತದೆ, ಕೊನೆಗೆ ಬಿಟ್ಟೇಬಿಡುತ್ತಾಳೆ.

ಈಗ ಪೆನ್ಸಿಲ್ ಹಿಡಿಯಿರಿ

ಡಾಕ್ಟರು ಮೂರ್ಛೆಯನ್ನು ಕಣ್ಣಾರೆ ನೋಡುವುದು ಅಪರೂಪ. ನೋಡುವವರು ಮನೆಯವರು, ಅದರಲ್ಲೂ ನೀವು. ನೀವು ಬರೆದದ್ದೇ ಅವರಿಗೆ ಕಣ್ಣು. ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯಿರಿ, ಇಲ್ಲವೇ ಅಭ್ಯಾಸದ ಪುಸ್ತಕದ ಕೊನೆಯ ಹಾಳೆಯಲ್ಲಿ. ಮಾತ್ರೆಯ ಪಟ್ಟಿಯ ಮೇಲೆ ಹೆಸರು ಇಂಗ್ಲಿಷಿನಲ್ಲಿ ಇದ್ದರೆ ಅಂಗಡಿಯವರನ್ನು ಕೇಳಿ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ. ಉದ್ದದ ಹೆಸರು, ನಾಲಿಗೆ ಹೊರಳುವುದಿಲ್ಲ, ಆದರೂ ಅಕ್ಷರ ಕೂಡಿಸಿ ಓದಿ. ಪೆಟ್ಟು ಬಿದ್ದಾಗ ಆಸ್ಪತ್ರೆಯಲ್ಲಿ ಕೊಟ್ಟ ಕಾಗದ, ಸ್ಕ್ಯಾನ್ ಹಾಳೆ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಪೆಟ್ಟಿಗೆಯಲ್ಲಿ ಇಡಿ. ಹತ್ತು ವರ್ಷದ ಮೇಲೂ ಬೇಕಾಗಬಹುದು. ಅಪಘಾತದ ಪರಿಹಾರದ ಕೇಸಿಗೂ ಅದೇ ಸಾಕ್ಷಿ.

ಹೀಗೆ ಬರೆದರೆ ಸಾಕು:

"ಸೋಮವಾರ. ಬೆಳಗಿನ ಜಾವ 5 ಗಂಟೆ. ಮೊದಲು ಬಲಗೈ ಅದುರಿತು. ಆಮೇಲೆ ಮೈಯೆಲ್ಲ. 2 ನಿಮಿಷ. ಎಚ್ಚರ ಆಗಲು ಅರ್ಧ ಗಂಟೆ. ಹಿಂದಿನ ದಿನ ರಾತ್ರಿ ಮಾತ್ರೆ ತಪ್ಪಿತ್ತು."

ಇಷ್ಟು ಸಾಲಿನಲ್ಲಿ ಡಾಕ್ಟರಿಗೆ ಎಷ್ಟು ತಿಳಿಯುತ್ತದೆ ನೋಡಿ. ನಮ್ಮ ಬಲಗೈಯನ್ನು ಆಡಿಸುವುದು ಮೆದುಳಿನ ಎಡಭಾಗ. ಬಲಗೈ ಮೊದಲು ಅದುರಿತು ಎಂದರೆ ಗದ್ದಲ ಶುರುವಾದದ್ದು ಎಡಗಡೆ. ಹಳೆಯ ಪೆಟ್ಟು ತಲೆಯ ಯಾವ ಕಡೆ ಬಿದ್ದಿತ್ತು ಎಂದು ಅವರು ನಿಮ್ಮನ್ನು ಕೇಳುತ್ತಾರೆ. ಮಾತ್ರೆ ತಪ್ಪಿದ್ದರಿಂದ ಬಂದಿದ್ದರೆ ಹೊಸ ಮಾತ್ರೆ ಬರೆಯುವುದಿಲ್ಲ, ಇರುವುದನ್ನೇ ತಪ್ಪದೆ ಕೊಡಿ ಎಂದಾರು. ಆಸ್ಪತ್ರೆಗೆ ಹೋಗುವ ದಿನ ಈ ಹಾಳೆಯನ್ನು ಹಳೆಯ ಕಾಗದಗಳ ಮೇಲೆಯೇ ಇಟ್ಟುಕೊಂಡು ಹೋಗಿ.